ಹಕ್ಕುಸ್ವಾಮ್ಯ

ಸತ್ಯ, ನ್ಯಾಯ, ಸಲ್ಲತಕ್ಕ ಪಾಲು ಎಂಬ ಅರ್ಥಗಳುಳ್ಳ ಅರಬ್ಬೀ ಭಾಷೆಯ ‘ಹಕ್’ ಶಬ್ದವು ಪಾರಸಿಯ ಮಾರ್ಗವಾಗಿ ಕನ್ನಡಕ್ಕೆ ಬಂದು ‘ಹಕ್ಕು’ ಎನಿಸಿತು. ಒಡೆಯನೆಂಬ ಅರ್ಥದ ಸಂಸ್ಕೃತದ ‘ಸ್ವಾಮಿನ್’ ಶಬ್ದದಿಂದ ಒಡೆತನವೆಂಬ ಅರ್ಥದ ‘ಸ್ವಾಮ್ಯ’ವು ನಿಷ್ಪನ್ನವಾಯಿತು. ಭಿನ್ನ ಕುಲಗಳ ಈ ಎರಡು ಪದಗಳು ಕೂಡಿದ ‘ಹಕ್ಕುಸ್ವಾಮ್ಯ’ವನ್ನು, ಶುದ್ಧ ತತ್ಸಮವಾದ ‘ಕೃತಿಸ್ವಾಮ್ಯ’ದಂತೆಯೇ, ಗ್ರಂಥಕರ್ತನಿಗೆ ತನ್ನ ಕೃತಿಯ ಮುದ್ರಣ, ಅನುವಾದ, ಚಲನಚಿತ್ರರೂಪಾಂತರಗಳ ಮೇಲಿರುವ ಅಧಿಕಾರವನ್ನು ಸೂಚಿಸಲು ಬಳಸುತ್ತೇವೆ.

ಈ ಅಧಿಕಾರವು ಕರ್ತೃವಿನೊಡನೆ ಅಳಿಯತಕ್ಕದ್ದಲ್ಲ. ಭಾರತದ 1957ರ ಕಾಯಿದೆಯ ಇಂದಿನ ರೂಪದಲ್ಲಿ ಅದು ಆತನ ಮರಣಾನಂತರವೂ 60 ವರ್ಷ ವಾರಸುದಾರರಲ್ಲಿ ನಿಲ್ಲುತ್ತದೆ. ವಾರಸುದಾರರು ಹಕ್ಕು ಸಾಧಿಸಿದುದಕ್ಕೆ ವಿದೇಶದ ಒಂದು ನಿದರ್ಶನವನ್ನು ನೋಡಬಹುದು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕೃತಿಯನ್ನು ರಚಿಸಿದ ಟೋಲ್ಕಿನ್ನರು 1969ರಲ್ಲಿ ಅದರ ಚಿತ್ರೀಕರಣದ ಹಕ್ಕನ್ನು ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆಗೆ ಮಾರಿ, 1973ರಲ್ಲಿ ದಿವಂಗತರಾದರು. ಆ ಕೃತಿಯನ್ನಾಧರಿಸಿ 2001ರಿಂದ 2003ರವರೆಗೆ ತೆರೆಕಂಡು ಅಪಾರ ಧನವನ್ನು ಗಳಿಸಿದ ಮೂರು ಚಿತ್ರಗಳ ಆದಾಯದಲ್ಲಿ ಆ ಕರಾರಿನಂತೆ ಶೇಕಡ 7.5ರಷ್ಟು ತಮಗೆ ಸಲ್ಲಬೇಕೆಂದು, 2008ರಲ್ಲಿ ಅವರ ಉತ್ತರಾಧಿಕಾರಿಗಳು ಆ ಚಿತ್ರಗಳನ್ನು ನಿರ್ಮಿಸಿದ ನ್ಯೂ ಲೈನ್ ಚಿತ್ರಸಂಸ್ಥೆಯ ಮೇಲೆ ದಾವೆ ಹೂಡಿದರು. ಮರುವರ್ಷ ವ್ಯಾಜ್ಯವು ರಾಜಿಯಲ್ಲಿ ಮುಗಿಯಿತು.

ಆದುದರಿಂದ ಕಥೆಯನ್ನು ಚಿತ್ರಕ್ಕೆ ಕೊಡುವ ಲೇಖಕನು ಯಾವ ಹಕ್ಕನ್ನು, ಎಷ್ಟು ಕಾಲ, ಯಾವ ಪ್ರತಿಫಲಕ್ಕೆ ಬಿಟ್ಟುಕೊಡುತ್ತಿರುವೆನೆಂಬುದನ್ನು ಕರಾರಿನಲ್ಲಿ ಸ್ಪಷ್ಟವಾಗಿ ಬರೆಯಿಸುವುದು ತನಗೂ ತನ್ನ ಸಂತತಿಗೂ ಮಾಡುವ ಉಪಕಾರವಾಗಿದೆ.