ಒಂದು ತೂತಿನ ಕಥೆ: ಫಿರಂಗಿಯಿಂದ ದೋಣಿ ಮೋಟರ್‌ವರೆಗೆ

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತಿನ ಎಪಿಸೋಡ್ ಒಂದು ತೂತಿನ ಬಗ್ಗೆ.

ಶ್ರೀರಂಗಪಟ್ಟಣದ ಒಂದು ಲೇತ್ ಅಂಗಡಿಗೆ ಹೋಗಿದ್ದೆ. ಬೆಂಚಿನ ಮೇಲೆ ದೋಣಿಯ ಹಿಂಬದಿಗೆ ಸಿಕ್ಕಿಸೋ ಪುಟ್ಟ ಟೂ-ಸ್ಟ್ರೋಕ್ ಮೋಟರ್ ಇತ್ತು. ಹೊಳೆ ತುಂಬಿ ಜನ ಸಿಕ್ಕಿಹಾಕ್ಕೊಂಡಾಗ ಇಳಿಸ್ತಾರೆ, ಉಳಿದ ದಿನ ಮೂಲೆಯಲ್ಲಿ ಬಿದ್ದಿರುತ್ತೆ. ಈಗ ಹಗ್ಗ ಎಷ್ಟು ಎಳೆದರೂ ಸ್ಟಾರ್ಟ್ ಆಗ್ತಿಲ್ಲ. ಕನ್ನಂಬಾಡಿಯಿಂದ ನೀರು ಬಿಟ್ಟ ದಿನ ಹೀಗಾದ್ರೆ?

ಮೆಕ್ಯಾನಿಕ್ ಸಿಲಿಂಡರ್ ಬಿಚ್ಚಿ ತೋರಿಸಿದರು. ನನಗೆ ಗುಂಡಗೇ ಕಾಣ್ತು. "ಕಣ್ಣು ನಂಬಬ್ಯಾಡ ಕಣಪ್ಪ, ಗೇಜ್ ಹೇಳ್ಬೇಕು" ಅಂದ್ರು. ಬೋರ್ ಗೇಜ್ ಇಳಿಸಿ ಮೇಲೆ, ನಡುವೆ, ಕೆಳಗೆ ಅಳೆದರು; ಪ್ರತಿ ಕಡೆ ಎರಡು ದಿಕ್ಕಿನಲ್ಲಿ. ಮೇಲಕ್ಕೂ ಕೆಳಕ್ಕೂ ವ್ಯತ್ಯಾಸ ಬಂದರೆ ಟೇಪರ್, ಎರಡು ದಿಕ್ಕಿಗೆ ವ್ಯತ್ಯಾಸ ಬಂದರೆ ಓವಲ್. ಸವೆತ ಕಮ್ಮಿ ಇದ್ದರೆ ಹೋನಿಂಗ್ ಸಾಕು. ಜಾಸ್ತಿ ಇದ್ದರೆ ರೀಬೋರ್ ಮಾಡಿ, 0.25 ಅಥವಾ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕ್ತಾರೆ. ಟೂ-ಸ್ಟ್ರೋಕ್‌ನಲ್ಲಿ ಸಿಲಿಂಡರ್ ಗೋಡೆಯಲ್ಲೇ ಕಿಂಡಿಗಳಿರ್ತವೆ. ಬೋರ್ ಆದ ಮೇಲೆ ಅವುಗಳ ಅಂಚು ಉಜ್ಜದಿದ್ದರೆ ರಿಂಗ್ ಸಿಕ್ಕಿಕೊಂಡು ಮುರಿಯುತ್ತೆ.

ಇಷ್ಟೆಲ್ಲ ಯಾಕೆ? ಸಂದಿಯಲ್ಲಿ ಗ್ಯಾಸ್ ಸೋರಿದರೆ ಬಲವೂ ಸೋರಿದ ಹಾಗೆ. ಇದೇ ಊರಲ್ಲಿ ಟಿಪ್ಪು ಕಾಲದಲ್ಲೂ ಇದೇ ತಲೆನೋವು. ಫಿರಂಗಿ ನಳಿಕೆಗೂ ಗುಂಡಿಗೂ ನಡುವೆ ಸಂದಿ ಜಾಸ್ತಿಯಾದ್ರೆ ಗುಂಡು ದೂರ ಹೋಗಲ್ಲ. ಅದಕ್ಕೇ ಸುಲ್ತಾನ ಯುರೋಪಿನ ಕುಶಲಕರ್ಮಿಗಳನ್ನು ಇಟ್ಟುಕೊಂಡಿದ್ದ. ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಅನ್ನೋ ಹೆಸರು ಬಂದಿದ್ದು ಅಲ್ಲಿ ಬೀಡುಬಿಟ್ಟಿದ್ದ ಫ್ರೆಂಚ್ ಸೈನಿಕರಿಂದಲೇ. 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್, ಫಿರಂಗಿ ಕೊರೆಯೋಕೆ ನೀರಿನಿಂದ ತಿರುಗೋ ಯಂತ್ರ ಇತ್ತು, ಟಿಪ್ಪು ನೀರಿನ ಚಕ್ರ ತೆಗೆಸಿ ಅದಕ್ಕೆ ಎತ್ತು ಕಟ್ಟಿಸಿದ ಅಂತ ಕೊಂಕು ಬರೆದ. ಅವನು ಗೆದ್ದ ಕಂಪನಿಯ ಕಡೆಯವನು. ಕೊಂಕು ಪಕ್ಕಕ್ಕಿಡಿ, ಯಂತ್ರ ಇತ್ತು ಅಂತ ಅವನೇ ಒಪ್ಪಿಕೊಂಡಿದ್ದಾನೆ.

ಅತ್ತ ಇಂಗ್ಲೆಂಡಿನಲ್ಲಿ ಜಾನ್ ವಿಲ್ಕಿನ್ಸನ್ 1774ರಲ್ಲಿ ಫಿರಂಗಿ ಕೊರೆಯೋ ಹೊಸ ವಿಧಾನಕ್ಕೆ ಪೇಟೆಂಟ್ ಪಡೆದ. ಮುಂದೆ ಅವನ ಕಾರ್ಖಾನೆಯೇ ಜೇಮ್ಸ್ ವಾಟ್‌ನ ಸ್ಟೀಮ್ ಎಂಜಿನ್‌ಗೆ ಸಿಲಿಂಡರ್ ಕೊರೆದುಕೊಡ್ತು. ಸೋರೋ ಸಿಲಿಂಡರ್‌ಗಳ ಜೊತೆ ವರ್ಷಗಟ್ಟಲೆ ಒದ್ದಾಡಿದ್ದ ವಾಟ್‌ಗೆ ಆಗ ಜೀವ ಬಂತು.

ಬಿಕಾಂ ಓದಿದ ನನಗೆ ಕಾಣೋದು ಇಷ್ಟೇ: ವಿಲ್ಕಿನ್ಸನ್‌ಗೆ ಎರಡನೇ ಗಿರಾಕಿ ಸಿಕ್ಕಿದ. ಪಟ್ಟಣದ ಫಿರಂಗಿ ಕೊರೆಯೋರಿಗೆ ಸುಲ್ತಾನನೊಬ್ಬನೇ ಗಿರಾಕಿ. 1799ರ ಮೇ 4ಕ್ಕೆ ಅವನೂ ಹೋದ.

ಆ ಲೇತ್ ಅಂಗಡಿಗೆ ಹಾಗಲ್ಲ. ಕೆ.ಆರ್. ಪೇಟೆಯ ಪಂಪ್‌ಸೆಟ್, ನಾಗಮಂಗಲದ ಬೈಕು, ಪಾಂಡವಪುರದ ಟ್ರ್ಯಾಕ್ಟರು, ಎಲ್ಲವೂ ಅಲ್ಲಿಗೇ ಬರ್ತವೆ. ಆ ಗಿರಾಕಿಗಳು ಇರೋದರಿಂದಲೇ, ಅಪರೂಪಕ್ಕೆ ಬರೋ ದೋಣಿ ಮೋಟರಿಗೂ ಅಲ್ಲೊಂದು ಬೋರ್ ಗೇಜ್ ಇದೆ.

ಮೋಟರ್ ಮೂರನೇ ಎಳೆತಕ್ಕೆ ಸ್ಟಾರ್ಟ್ ಆಯ್ತು. "ಇನ್ಮೇಲೆ ಎತ್ತಿಡೋ ಮುಂಚೆ ಪ್ಲಗ್ ತೂತಿಗೆ ಎರಡು ಹನಿ ಆಯಿಲ್ ಬಿಡಿ" ಅಂದ್ರು ಅವರು. ನಿಮ್ಮೂರಲ್ಲೂ ದೋಣಿ ಮೋಟರ್ ಇದ್ದರೆ, ಮಳೆಗಾಲಕ್ಕೆ ಮುಂಚೆ ಒಮ್ಮೆ ಹಗ್ಗ ಎಳೆದು ನೋಡಿ. ಸಿಗೋಣ.