ಪುಟ್ಟ ಲಾರಿಯ ಇತಿಹಾಸ

ಇತಿಹಾಸವೆಂದೊಡನೆ ಶಾಸನ, ತಾಮ್ರಪಟ, ಓಲೆಗರಿಗಳನ್ನು ನೆನೆಯುವುದು ನಮಗೆ ರೂಢಿಯಾಗಿದೆ. ಲಾರಿಗೂ ಒಂದು ಇತಿಹಾಸವುಂಟು, ಅದನ್ನೂ ಶಾಸನವನ್ನು ಓದುವಷ್ಟೇ ಎಚ್ಚರದಿಂದ ಓದಬೇಕಾಗುತ್ತದೆ ಎಂದರೆ ಕೆಲವರು ನಕ್ಕಾರು. ಅದರಲ್ಲಿಯೂ ನಾನು ಹೇಳಹೊರಟಿರುವುದು ಅಂಗೈಯ ಮೇಲೆ ನಿಲ್ಲುವ ಪ್ಲಾಸ್ಟಿಕ್ಕಿನ ಲಾರಿಯ ಸಂಗತಿ. ಎರಡನೆಯ ಮಹಾಯುದ್ಧದ ಕಾಲದ ಸೈನ್ಯದ ಲಾರಿಗಳ ಕಿರುಮಾದರಿಗಳು ಬಿಡಿಭಾಗಗಳ ರೂಪದಲ್ಲಿ ಪೆಟ್ಟಿಗೆಯೊಳಗೆ ಮಾರಾಟಕ್ಕೆ ಬರುತ್ತವೆ. ಭಾಗಗಳನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿದರೆ ಲಾರಿ ಸಿದ್ಧವಾಗುತ್ತದೆ. ಹಾಗೆ ಸಿದ್ಧವಾದದ್ದು ಒಂದಾನೊಂದು ಕಾಲದಲ್ಲಿ, ಒಂದಾನೊಂದು ರಸ್ತೆಯಲ್ಲಿ ನಿಜವಾಗಿ ಓಡಿದ ಲಾರಿಯೆ? ಅಥವಾ ಲಾರಿಯ ವೇಷ ತೊಟ್ಟ ಆಟಿಕೆಯೆ? ಮಣಿಪಾಲದ ನನ್ನ ಮನೆಯ ಮೇಜಿನ ಮೇಲೆ ಇಂಥದೊಂದು ಪೆಟ್ಟಿಗೆಯನ್ನು ಬಿಚ್ಚಿ ಕುಳಿತಾಗ ಎದ್ದ ಈ ಪ್ರಶ್ನೆ ನನ್ನನ್ನು ಬಹುದೂರ ಕರೆದೊಯ್ದಿತು.

ಮೊದಲು ಅಳತೆಯ ಮಾತು. ಈ ಮಾದರಿಗಳು ಸಾಮಾನ್ಯವಾಗಿ ಮೂಲವಸ್ತುವಿನ 35ರಲ್ಲಿ ಒಂದು ಪಾಲಿನಷ್ಟಿರುತ್ತವೆ. 35 ಎಂಬ ಅಂಕಿಯಲ್ಲಿ ಗಣಿತದ ಸೊಗಸೇನೂ ಇಲ್ಲ. ಜಪಾನಿನ ತಮಿಯಾ ಕಂಪೆನಿಯವರು 1960ರ ದಶಕದ ಆರಂಭದಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿಯನ್ನು ತಯಾರಿಸಿದಾಗ, ಅದರ ಹೊಟ್ಟೆಯಲ್ಲಿ ಬ್ಯಾಟರಿಗಳು ಹಿಡಿಸುವಂತೆ ಗಾತ್ರವನ್ನು ಗೊತ್ತುಮಾಡಿದರು. ಆಮೇಲೆ ಅಳೆದು ನೋಡಿದರೆ ಅದು ಸುಮಾರು 35ರಲ್ಲಿ ಒಂದು ಪಾಲಾಗಿತ್ತು. ಅದೇ ಲೋಕರೂಢಿಯಾಗಿ ನಿಂತಿತು. ಈ ಪ್ರಮಾಣಕ್ಕೆ ಇಳಿಸಿದರೆ 1432ರಲ್ಲಿ ನಿಂತ ಕಾರ್ಕಳದ ಸುಮಾರು 42 ಅಡಿಯ ಗೊಮ್ಮಟ ಹದಿನಾಲ್ಕೂವರೆ ಅಂಗುಲದವನಾಗುತ್ತಾನೆ. 1901ರಲ್ಲಿ ಕಟ್ಟಿದ ಕಾಪುವಿನ 27 ಮೀಟರಿನ ದೀಪಸ್ತಂಭ ಎರಡೂವರೆ ಅಡಿಯಾಗಿ ಮೇಜನ್ನೇರುತ್ತದೆ. ಮಾದರಿಯಲ್ಲಿ ಒಂದು ಮಿಲಿಮೀಟರು ಹೆಚ್ಚುಕಡಮೆಯಾದರೆ ನಿಜದ ಲಾರಿಯಲ್ಲಿ ಒಂದೂಕಾಲು ಅಂಗುಲಕ್ಕೂ ಮಿಕ್ಕಿ ವ್ಯತ್ಯಾಸವಾದಂತೆ. ಬಡಗಿಯಾದವನು ಅಷ್ಟು ವ್ಯತ್ಯಾಸವನ್ನು ಬಾಗಿಲ ಚೌಕಟ್ಟಿನಲ್ಲಿ ಸಹಿಸುವುದಿಲ್ಲ.

ಪೆಟ್ಟಿಗೆಯೊಳಗಿದ್ದದ್ದು ಕೆನಡಾ ದೇಶದ ಲಾರಿ. ಅಲ್ಲಿನ ಫೋರ್ಡ್ ಮತ್ತು ಷೆವ್ರೊಲೆ ಕಾರ್ಖಾನೆಗಳು, ಮಾರುಕಟ್ಟೆಯಲ್ಲಿ ಪರಸ್ಪರ ಸ್ಪರ್ಧಿಗಳಾಗಿದ್ದರೂ, ಯುದ್ಧಕ್ಕಾಗಿ ಒಂದೇ ನಕ್ಷೆಗೆ ಒಪ್ಪಿ ನಾಲ್ಕು ಲಕ್ಷಕ್ಕೂ ಹೆಚ್ಚು ಲಾರಿಗಳನ್ನು ತಯಾರಿಸಿದವು. ಮೊಂಡು ಮೂಗು, ಬಲಗಡೆಯ ಸ್ಟಿಯರಿಂಗ್, ಗಿಡ್ಡ ಮೈ. ಹಡಗಿನಲ್ಲಿ ಕಡಮೆ ಜಾಗ ಹಿಡಿಯಬೇಕು, ಇದ್ದ ಉದ್ದದಲ್ಲಿ ಹೆಚ್ಚು ಸರಕು ಹೊರಬೇಕು ಎಂಬ ಲೆಕ್ಕದಿಂದ ಮೂಗನ್ನು ಮೊಟಕು ಮಾಡಿದರು. ಅದರ ಫಲವಾಗಿ ಇಂಜಿನು ಚಾಲಕನ ಕಾಲಿನ ಬಳಿಗೇ ಬಂದು ಕುಳಿತಿತು. ಅದರ ಕಾವೆಲ್ಲ ಅವನ ಪಾಲಿಗೆ. ಈ ಲಾರಿಗಳ ಹೆಸರೇ ಒಂದು ಪುಟ್ಟ ಶಾಸನ. 'ಸಿ15ಎ' ಎಂದರೆ ಷೆವ್ರೊಲೆ, 15 ಹಂಡ್ರೆಡ್‌ವೇಟ್, ಅಂದರೆ ಮುಕ್ಕಾಲು ಟನ್ನು ಹೊರುವಂಥದು, ನಾಲ್ಕು ಚಕ್ರಗಳಿಗೂ ಇಂಜಿನಿನ ಬಲ ಹರಿಯುವಂಥದು. ಅದರ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ 101 ಅಂಗುಲ. ಮಾದರಿಯಲ್ಲಿ ಅದು 73 ಮಿಲಿಮೀಟರು ಆಗಬೇಕು.

ಇನ್ನು ಮುಂಭಾಗದ ಗಾಜು. ಮೊದಮೊದಲ ಲಾರಿಗಳ ಕ್ಯಾಬಿನ ರೂಪ ಬೇರೆ. 1942ರ ಹೊತ್ತಿಗೆ ಬಂದ ಹೊಸ ಕ್ಯಾಬಿನಲ್ಲಿ ಗಾಜಿನ ಮೇಲಂಚು ಮುಂದಕ್ಕೂ ಕೆಳಂಚು ಒಳಕ್ಕೂ ವಾಲಿರುತ್ತದೆ. ಬಿಸಿಲು ಗಾಜಿಗೆ ಬಡಿದು ಆಕಾಶಕ್ಕೆ ಮಿಂಚಿದರೆ ಶತ್ರುವಿಮಾನದ ಕಣ್ಣಿಗೆ ಗುರಿ ಸಿಕ್ಕಿದಂತೆ. ಹಾಗಾಗಬಾರದೆಂದು ಗಾಜನ್ನೇ ನೆಲದ ಕಡೆಗೆ ಬಾಗಿಸಿದರು. ಮಾದರಿ ಮಾಡುವವನು ಅದನ್ನು ಕೊಂಚ ನೆಟ್ಟಗೆ ನಿಲ್ಲಿಸಿದರೆ ನೋಡುವವರಿಗೆ ತಿಳಿಯಲಿಕ್ಕಿಲ್ಲ; ಆದರೆ ವಿಮಾನದ ಭಯದಲ್ಲಿ ಓಡಿದ ಚಾಲಕನ ಕಥೆ ಆ ಒಂದು ಕೋನದ ಜೊತೆಗೇ ಅಳಿಸಿಹೋಗುತ್ತದೆ.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಈ ಲಾರಿಗಳು ಭಾರತಕ್ಕೆ ಬಹುಪಾಲು ಇಡಿಯಾಗಿ ಬರಲಿಲ್ಲ. ಬಿಡಿಭಾಗಗಳಾಗಿ, ಮರದ ಪೆಟ್ಟಿಗೆಗಳಲ್ಲಿ ಬಂದವು. ಮುಂಬಯಿಯಲ್ಲಿ ಜನರಲ್ ಮೋಟರ್ಸ್ 1928ರಿಂದಲೇ ಜೋಡಣೆಯ ಕಾರ್ಖಾನೆ ನಡೆಸುತ್ತಿತ್ತು. ಕೆನಡಾದ ಫೋರ್ಡಿನ ಭಾರತ ಶಾಖೆಯೂ ಅಲ್ಲಿತ್ತು. ಅಂದರೆ ಪೆಟ್ಟಿಗೆ ಬಿಚ್ಚಿ ಲಾರಿ ಜೋಡಿಸುವುದು ಇಂದಿನ ಹವ್ಯಾಸಿಗಿಂತ ಮುಂಚೆ ನಮ್ಮ ಕೂಲಿಗಾರರೂ ಫಿಟ್ಟರುಗಳೂ ಮಾಡಿದ ಕೆಲಸ. ಎಷ್ಟೋ ಲಾರಿಗಳಿಗೆ ಹಿಂಬದಿಯ ಬಾಡಿಯನ್ನು ಇಲ್ಲಿಯೇ ಕಟ್ಟಿದರು. ಇದೇ ಜಾತಿಯ ಫೋರ್ಡ್ ಚಾಸಿಗೆ ಜಮ್‌ಶೆಡ್‌ಪುರದ ಟಾಟಾ ಉಕ್ಕಿನ ತಗಡು ತೊಡಿಸಿ ರೈಲ್ವೆ ಕಾರ್ಖಾನೆಗಳಲ್ಲಿ ಕವಚವಾಹನಗಳನ್ನು ಮಾಡಿದ್ದೂ ಉಂಟು. ಅವುಗಳಿಗೆ 'ಟಾಟಾನಗರ' ಎಂದೇ ಹೆಸರಾಯಿತು. ಹೊರನಾಡಿನ ಕಿಟ್ಟುಗಳ ವಿವರಣೆಯ ಹಾಳೆಗಳಲ್ಲಿ ಈ ಕೈಗಳ ಗುರುತು ಸಿಕ್ಕುವುದು ಅಪರೂಪ.

ಬಿಚ್ಚಿ ಜೋಡಿಸುವ ಕಲೆಯ ಮರ್ಯಾದೆ ಏನೆಂಬುದನ್ನು ಮಣಿಪಾಲದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವಿಜಯನಾಥ ಶೆಣೈಯವರು ಹಸ್ತಶಿಲ್ಪದಲ್ಲಿ ಊರೂರಿನ ಹಳೆಯ ಮನೆಗಳನ್ನು ಬಿಚ್ಚಿ ತರಿಸಿ ಮತ್ತೆ ನಿಲ್ಲಿಸಿದರು. ಕುಕನೂರಿನ ಕಮಲ ಮಹಲು ಅಲ್ಲಿದೆ, ಕಾರ್ಕಳದ ಮಗ್ಗುಲಿನ ಮಿಯಾರಿನ ಮನೆಯೂ ಇದೆ. ಅಲ್ಲಿ ನಿಂತವರಿಗೆ ಒಂದು ಮಾತು ಹೊಳೆಯುತ್ತದೆ: ಆ ಅಂಗಳದಲ್ಲಿರುವುದು 'ಹಳೆಯ ಮನೆ' ಎಂಬ ಸಾಮಾನ್ಯ ಕಲ್ಪನೆಯಲ್ಲ, ಇಂಥ ಊರಿನ, ಇಂಥವರು ಬಾಳಿದ, ಇಂಥ ಮನೆ. ಲಾರಿಯ ವಿಷಯದಲ್ಲಿಯೂ ನಾನು ಈ ನಿಯಮವನ್ನೇ ಹಿಡಿದೆ. ಯುದ್ಧದ ಲಾರಿ ಎಂದರೆ ಸಾಲದು; ಯಾವ ವರ್ಷದ್ದು, ಯಾವ ದಳದ್ದು, ಯಾವ ರಸ್ತೆಯದು?

ನನಗೆ ದೊರೆತ ಹಾಳೆಯಲ್ಲಿ ಆಫ್ರಿಕದ ಮರುಭೂಮಿಯ ಬಣ್ಣವೂ ಯೂರೋಪಿನ ಬಣ್ಣವೂ ಇದ್ದವು. ನಾನು ಅವೆರಡನ್ನೂ ಬಿಟ್ಟು ನಮ್ಮ ನಾಡಿನ ನಂಟುಳ್ಳ ದಳವೊಂದನ್ನು ಆರಿಸಿಕೊಂಡೆ. 1942ರ ಆಗಸ್ಟಿನಲ್ಲಿ, ಜಪಾನೀಯರು ದಕ್ಷಿಣ ಭಾರತದ ದಡಕ್ಕೆ ಇಳಿದಾರೆಂಬ ಭೀತಿಯ ದಿನಗಳಲ್ಲಿ, ಬೆಂಗಳೂರಿನಲ್ಲಿ 25ನೆಯ ಭಾರತೀಯ ಪದಾತಿ ಡಿವಿಷನ್ ಹುಟ್ಟಿತು. ಜನರಲ್ ಡೇವಿಸ್ ಅದರ ನಾಯಕ. 1944ರಲ್ಲಿ ಅದು ಬರ್ಮಾದ ಅರಕಾನಿಗೆ ತೆರಳಿ, ಮಾಂಗ್‌ಡಾ ಪ್ರದೇಶದಲ್ಲಿ ಮಳೆಗಾಲವನ್ನು ಕಳೆಯಿತು. ಮುಂದೆ 1945ರಲ್ಲಿ ಕಾಂಗಾ ಎಂಬಲ್ಲಿ ಭೀಕರ ಕಾಳಗ ನಡೆದಾಗ, ಅದರ 51ನೆಯ ಬ್ರಿಗೇಡಿನ ಮೂರು ಬೆಟಾಲಿಯನ್ನುಗಳನ್ನೂ ಭಾರತೀಯ ಅಧಿಕಾರಿಗಳೇ ನಡೆಸುತ್ತಿದ್ದರು. ಥೋರಟ್ ಒಬ್ಬರು, ಸೇನ್ ಒಬ್ಬರು. ಮೂರನೆಯವರು ಮಡಿಕೇರಿಯಲ್ಲಿ ಹುಟ್ಟಿದ ತಿಮ್ಮಯ್ಯನವರು, ಮುಂದೆ 1957ರಿಂದ 1961ರವರೆಗೆ ನಮ್ಮ ಭೂಸೇನೆಯ ಮುಖ್ಯಸ್ಥರಾದವರು.

ಆದರೆ ಕಾಂಗಾದಲ್ಲಿ ಲಾರಿಯನ್ನು ನಿಲ್ಲಿಸುವಂತಿಲ್ಲ. ಅದು ಉಬ್ಬರವಿಳಿತದ ಅಳಿವೆಗಳ, ಕಾಂಡ್ಲಾ ಕಾಡಿನ, ಗದ್ದೆಗಳ ನೆಲ. ಸೈನ್ಯ ದೋಣಿಗಳಲ್ಲಿ ಹೋಗಿ ಇಳಿಯಿತು. ಖ್ಯಾತ ಯುದ್ಧಕ್ಕೆ ಲಾರಿಯನ್ನು ಅಂಟಿಸುವ ಆಸೆಯನ್ನು ಭೂಗೋಳವೇ ತಡೆಯುತ್ತದೆ. ಆದುದರಿಂದ ನನ್ನ ಲಾರಿಯ ಜಾಗ 1944ರ ಮಾಂಗ್‌ಡಾದ ಹಿಂದಿನ ದಾರಿ. ರಸ್ತೆ ಮುಗಿಯುವವರೆಗೆ ಲಾರಿ, ಅಲ್ಲಿಂದ ಮುಂದೆ ಜೀಪು, ಅದರಾಚೆ ಹೇಸರಗತ್ತೆ: ಸರಕು ಸಾಗುತ್ತಿದ್ದುದು ಈ ಕ್ರಮದಲ್ಲಿ.

ಊರು, ವರ್ಷ ಗೊತ್ತಾದ ಮೇಲೆ ತಿದ್ದುಪಡಿಗಳು ತಾವಾಗಿಯೇ ಸಾಲುಗಟ್ಟಿದವು. ಮರುಭೂಮಿಯ ಹಳದಿ ಹೋಯಿತು, ಕಾಡಿನ ಹಸುರು ಬಂತು. ಹಸುರು ಚೌಕದ ಮೇಲೆ ಕರಿಯ ಇಸ್ಪೀಟ್ ಎಕ್ಕ ಬಂತು. ಅದು ಆ ಡಿವಿಷನ್ನಿನ ಲಾಂಛನ. ಹಿಂಬದಿಯಲ್ಲಿದ್ದ ಉಕ್ಕಿನ ಬಾಡಿಯನ್ನು ಕಿತ್ತು, ಮುಕ್ಕಾಲು ಮಿಲಿಮೀಟರಿಗೂ ತೆಳುವಾದ ಪಟ್ಟಿಗಳಿಂದ ಹಲಗೆಯ ಬಾಡಿ ಕಟ್ಟಿದೆ. ಹೊರೆಯಾಗಿ ಅಕ್ಕಿ, ಅಟ್ಟಾ, ಬೇಳೆಯ ಗೋಣಿಗಳು. ಬದಿಗೆ ಕ್ಯಾನ್ವಾಸಿನ ನೀರಚೀಲ. ಸೋರುವುದಕ್ಕೇ ಹೆಸರಾಗಿದ್ದ ನಾಲ್ಕು ಗ್ಯಾಲನ್ನಿನ ಪೆಟ್ರೋಲು ಡಬ್ಬಗಳು. ಗೋಣಿಯ ಭಾರಕ್ಕೆ ಟಯರಿನ ತಳ ತುಸು ಚಪ್ಪಟೆಯಾಗಬೇಕು. ಹೊರೆ ಹೊತ್ತ ಲಾರಿಯ ಚಕ್ರ ಪೂರ್ಣ ವೃತ್ತವಾಗಿರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ಧೂಳು. ಅರಕಾನಿನ ಕರಾವಳಿ ನಮ್ಮ ಕರಾವಳಿಯಂತೆಯೇ ನೈರುತ್ಯ ಮಾರುತಕ್ಕೆ ಮೈಯೊಡ್ಡಿದ ನಾಡು. ವರ್ಷಕ್ಕೆ ಸುಮಾರು 200 ಅಂಗುಲ ಮಳೆ. ರಸ್ತೆಗೆ ಹಾಕಲು ಕಲ್ಲು ಸಿಗದು. ಆದ್ದರಿಂದ ದಾರಿಯುದ್ದಕ್ಕೂ ಗೂಡುಗಳನ್ನು ಹಾಕಿ, ಲಕ್ಷಗಟ್ಟಲೆ ಇಟ್ಟಿಗೆ ಸುಟ್ಟು, ರಸ್ತೆಗೆ ಹಾಸಿದರು. ಹಗಲಿರುಳು ಲಾರಿ ಓಡಿದ ಮೇಲೆ ಆ ರಸ್ತೆಯಿಂದ ಏಳುವ ಧೂಳು ಯಾವ ಬಣ್ಣದ್ದು? ಇಟ್ಟಿಗೆಯ ಕೆಂಪು. ನಮ್ಮ ಮುರಕಲ್ಲಿನ ಧೂಳಿಗೆ ಹತ್ತಿರದ ಬಣ್ಣ. ಆದರೆ ಮುರಕಲ್ಲಿನಲ್ಲಿ ಕಾವಿಯ ಕಪ್ಪು ಛಾಯೆ ಇದೆ, ಸುಟ್ಟ ಇಟ್ಟಿಗೆಯ ಪುಡಿಯಲ್ಲಿ ಕಿತ್ತಳೆಯ ಛಾಯೆ. ಒಂದು ಇಟ್ಟಿಗೆ ಚೂರನ್ನು ಅರೆದು, ಬಟ್ಟೆಯಲ್ಲಿ ಸೋಸಿ, ಆ ಪುಡಿಯನ್ನೇ ಚಕ್ರಗಳಿಗೆ ಹಚ್ಚಿದೆ. ಯುದ್ಧಕಾಲದ ಕಪ್ಪುಬಿಳುಪಿನ ಛಾಯಾಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಬಣ್ಣವನ್ನು ಹೇಳಲಾರದು. ರಸ್ತೆ ಕಟ್ಟಿದ ರೀತಿ ಹೇಳುತ್ತದೆ.

ಲಾರಿಯೇ ಕಣ್ಣೆದುರಿಗೆ ಸಿಕ್ಕರೆ ಇಷ್ಟೆಲ್ಲ ತರ್ಕವೇಕೆಂದು ಕೇಳಬಹುದು. ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಲಾರಿಗಳು 'ಡಿಸ್ಪೋಸಲ್' ಮಾರಾಟದಲ್ಲಿ ಜನರ ಕೈಗೆ ಬಂದವು. ಕೆಸರಿಗೂ ಏರಿಗೂ ಹೆದರದ ಈ ಗಟ್ಟಿ ಪ್ರಾಣಿಗಳನ್ನು ಪಶ್ಚಿಮ ಘಟ್ಟದ ಮರದ ಕೆಲಸಕ್ಕೆ ಹೂಡಿದರು. ಕಾರ್ಕಳದಿಂದ ಹೆಬ್ರಿಯ ಕಡೆಗೆ ಹೋಗುವ ದಾರಿಯಲ್ಲಿ ನಿಂತಿದ್ದ ಅಂಥದೊಂದರ ಕ್ಯಾಬನ್ನು ನಾನು ಟೇಪು ಹಿಡಿದು ಅಳೆದದ್ದುಂಟು. ಅದರ ಮುದಿ ಚಾಲಕ ಬಹಳ ಹೊತ್ತು ನೋಡಿ, "ಎಂತ ಮಾರಾಯ್ರೆ, ಇದಕ್ಕೆ ಅಂಗಿ ಹೊಲಿಸ್ತೀರಾ?" ಎಂದು ಕೇಳಿದ. ಉಳಿದು ಬಂದ ಲಾರಿ ಸಾಕ್ಷಿಯೇನೋ ಹೌದು, ಆದರೆ ಬದುಕಿ ಬದಲಾದ ಸಾಕ್ಷಿ. ಅದರ ಇಂಜಿನು ಡೀಸೆಲಿನದು, ಟಯರು ನಿನ್ನೆಯದು, ಬಾಡಿ ಊರಿನ ಬಡಗಿಯದು. ಬದಲಾಯಿಸಲು ಯಾರಿಗೂ ಅಗತ್ಯ ಕಾಣದ ಭಾಗಗಳನ್ನು ಮಾತ್ರ ನಂಬಬೇಕು: ಕ್ಯಾಬಿನ ತಗಡು, ಗಾಜಿನ ಓರೆ.

ಅಷ್ಟೂ ಉಳಿಯದಿದ್ದರೆ ಏನಾಗುತ್ತದೆಂಬುದಕ್ಕೆ ಕಾರ್ಕಳವೇ ನಿದರ್ಶನ. ಗೊಮ್ಮಟನನ್ನು ಇಪ್ಪತ್ತು ಕಬ್ಬಿಣದ ಬಂಡಿಗಳ ಸಾಲಿನ ಮೇಲೇರಿಸಿ ಬೆಟ್ಟಕ್ಕೆ ತಂದರೆಂದು ಐತಿಹ್ಯ. ಮೂರ್ತಿ ಅಂದಿನಂತೆಯೇ ನಿಂತಿದೆ. ಅದನ್ನು ಹೊತ್ತು ತಂದ ಬಂಡಿಯ ಅಚ್ಚು ಎಷ್ಟು ದಪ್ಪ, ಚಕ್ರ ಎಷ್ಟು ಅಗಲ? ಮಾದರಿ ಮಾಡಹೊರಟವನಿಗೆ ಐತಿಹ್ಯ ಒಂದು ಅಂಕಿಯನ್ನು ಕೊಟ್ಟು ಸುಮ್ಮನಾಗುತ್ತದೆ. ಹೊತ್ತದ್ದು ಪೂಜ್ಯವಾಗುತ್ತದೆ, ಹೊತ್ತವರು ಮರೆಯಾಗುತ್ತಾರೆ.

ಲಾರಿಯ ವಿಷಯದಲ್ಲಿಯೂ ಹಾಗಾಗುವ ಕಾಲ ಬಂದಿದೆ. ನನ್ನ ಪೆಟ್ಟಿಗೆಯಲ್ಲಿದ್ದ ಚಾಲಕನ ಬೊಂಬೆ ಬಿಳಿಯ ಸೈನಿಕನದು. ಆದರೆ ಆ ಯುದ್ಧದಲ್ಲಿ ಭಾರತೀಯ ಸೈನ್ಯ ಸುಮಾರು 25 ಲಕ್ಷಕ್ಕೆ ಬೆಳೆದಿತ್ತು. ಇಟ್ಟಿಗೆಯ ರಸ್ತೆಯಲ್ಲಿ ರಾತ್ರಿಯೆಲ್ಲ ಅಕ್ಕಿ, ಗುಂಡು, ಗಾಯಾಳುಗಳನ್ನು ಸಾಗಿಸಿದವರಲ್ಲಿ ಆರ್ಮಿ ಸರ್ವಿಸ್ ಕೋರಿನ ನಮ್ಮ ಚಾಲಕರು ಅಸಂಖ್ಯ. ಬೊಂಬೆಯ ಮುಖಕ್ಕೆ ಕಂದು ಬಣ್ಣ ಬಳಿದ ಮಾತ್ರಕ್ಕೆ ಅವನು ಅವರಲ್ಲೊಬ್ಬನಾಗುವುದಿಲ್ಲ. ಖಾಕಿಯ ಬದಲು ಕಾಡಿನ ಹಸುರಿನ ಉಡುಪು ಬೇಕು, ತಲೆಯ ಮೇಲಿನದು ಬದಲಾಗಬೇಕು, ಕುಳಿತ ಭಂಗಿಯಲ್ಲಿ ಇಂಜಿನಿನ ಕಾವಿಗೆ ಮೊಣಕಾಲು ಆಚೆ ಸರಿದಿರಬೇಕು. ಇಷ್ಟಾದ ಮೇಲೂ ಅವನಿಗೆ ಹೆಸರಿಲ್ಲ. ಸೇನಾನಿಗಳ ಹೆಸರು ಗ್ರಂಥಗಳಲ್ಲಿ ದೊರೆಯುತ್ತದೆ. ಚಾಲಕನ ಹೆಸರು ದೊರೆಯುವುದಿದ್ದರೆ ಯಾವುದೋ ಮನೆಯ ಟ್ರಂಕಿನಲ್ಲಿ.

ಆದುದರಿಂದ ಒಂದು ಬಿನ್ನಹ. ಉಡುಪಿಯ, ಕಾಪುವಿನ, ಕಾರ್ಕಳದ ಯಾವ ಮನೆಯಲ್ಲಾದರೂ ಅಜ್ಜನೊಬ್ಬ ಲಾರಿಯ ಪಕ್ಕದಲ್ಲಿ ಎದೆಯುಬ್ಬಿಸಿ ನಿಂತ ಹಳೆಯ ಪಟವಿದ್ದರೆ, ಅದಕ್ಕೆ ಹೊಸ ಚೌಕಟ್ಟು ಹಾಕಿಸುವ ಮುನ್ನ ಬೆನ್ನಿನ ಮೇಲೆ ನಾಲ್ಕು ಸಾಲು ಬರೆದಿಡಿ: ಹೆಸರು, ಊರು, ವರ್ಷ, ತಿಳಿದಿದ್ದರೆ ದಳ. ಲಾರಿಯ ಮೇಲೆ ಅಂಕಿಯೋ ಚಿಹ್ನೆಯೋ ಕಂಡರೆ ಅದನ್ನೂ ಗುರುತು ಮಾಡಿ. ಮುಂದೆ ಯಾರಾದರೂ ಆ ಚಾಲಕನನ್ನು ಅವನ ಸೀಟಿನಲ್ಲಿ ಸರಿಯಾಗಿ ಕೂರಿಸಲು ಹೊರಟಾಗ ಅಷ್ಟಾದರೂ ಅವರ ಕೈಗೆ ಸಿಗಲಿ.