ಎದೆಗವಚದೊಳಗಿನ ತೀರ್ಪುಗಾರ: ಟೇಕ್ವಾಂಡೊ ಕಾಳಗದಲ್ಲಿ ವಿದ್ಯುನ್ಮಾನ ಅಂಕಗಣನೆ

ಕೊರಿಯದ ಟೇಕ್ವಾಂಡೊ ವಿದ್ಯೆಯು 1988ರ ಸೋಲ್ ಒಲಿಂಪಿಕ್ಸಿನಲ್ಲಿ ಪ್ರದರ್ಶನಕ್ರೀಡೆಯಾಗಿ ಕಾಣಿಸಿಕೊಂಡು, 2000ದ ಸಿಡ್ನಿಯಲ್ಲಿ ಪದಕಸ್ಪರ್ಧೆಗಳ ಪಂಕ್ತಿಯನ್ನು ಸೇರಿದ ಕಾಲದಲ್ಲಿ, ಒದೆತವೊಂದಕ್ಕೆ ಅಂಕ ಸಲ್ಲಬೇಕಾದರೆ ಅದು ಗುರಿತಪ್ಪದೆ ಎದುರಾಳಿಯ ದೇಹವನ್ನು ನಡುಗಿಸುವಷ್ಟು ಬಲದಿಂದ ತಾಗಿರಬೇಕೆಂಬುದೇ ಮುಖ್ಯ ನಿಯಮವಾಗಿದ್ದಿತು. ಕಣದ ಮೂಲೆಗಳಲ್ಲಿ ಕುಳಿತ ತೀರ್ಪುಗಾರರು, ಮೊದಮೊದಲು ಕಾಗದದ ಮೇಲೆ ಗುರುತು ಹಾಕಿಯೂ ತರುವಾಯ ಕೈಯಲ್ಲಿ ಹಿಡಿದ ಗುಂಡಿಯನ್ನೊತ್ತಿಯೂ, ತಾವು ಕಂಡ ಆಘಾತಕ್ಕೆ ಬೆಲೆ ಕಟ್ಟುತ್ತಿದ್ದರು. ಕಣ್ಣಿಗೆ ಕಿವಿಯೂ ಸಾಕ್ಷಿಯಾಗುತ್ತಿದ್ದುದರಿಂದ, ಹಿಂಗಾಲನ್ನು ಬೀಸಿ ಪಾದದ ಮೇಲ್ಭಾಗದಿಂದ ಎದೆಗವಚದ ಮೇಲೆ ಪಟ್ಟೆಂದು ಸದ್ದಾಗುವಂತೆ ಬಾರಿಸುವ ಸುತ್ತೊದೆತವು ಆ ಕಾಲದ ಪ್ರಧಾನ ತಂತ್ರವಾಯಿತು. ಹಳೆಯ ಶೈಲಿಯೇ ಶುದ್ಧ, ಹೊಸದೆಲ್ಲ ಯಂತ್ರಕೃತವಾದ ಅಪಭ್ರಂಶವೆನ್ನುವವರು ಇದನ್ನು ಮರೆಯುತ್ತಾರೆ. ಅಂದಿನ ಒದೆತವೂ ಅಂದಿನ ಅಳತೆಗೋಲಿಗೆ ತಕ್ಕಂತೆಯೇ ರೂಪುಗೊಂಡಿದ್ದಿತು.

ಆದರೂ ಆ ಶೈಲಿಯ ಭವ್ಯತೆಯನ್ನು ಅಲ್ಲಗಳೆಯಲಾಗದು. 2004ರ ಅಥೆನ್ಸ್‌ನಲ್ಲಿ, ತವರಿನ ಪ್ರೇಕ್ಷಕರೆದುರು ನಿಂತಿದ್ದ ಗ್ರೀಸಿನ ಅಲೆಕ್ಸಾಂಡ್ರೋಸ್ ನಿಕೊಲೈಡಿಸ್ ಮುನ್ನುಗ್ಗಿದ ಕ್ಷಣದಲ್ಲಿಯೇ ಕೊರಿಯದ ಮೂನ್ ದೇ-ಸಂಗ್ ಬೆನ್ನು ತಿರುಗಿಸಿ ಗಿರ್ರನೆ ಸುತ್ತಿ, ಹಿಮ್ಮಡಿಯನ್ನು ಅವನ ತಲೆಗೆ ಕೊಂಡಿಯಂತೆ ಬೀಸಿ ಕೆಡವಿದ ಅಂತಿಮ ಪಂದ್ಯವನ್ನು ನಿರ್ಣಯಿಸಲು ಯಾವ ಯಂತ್ರವೂ ಬೇಕಾಗಿರಲಿಲ್ಲ.

ಬೇಕಾದದ್ದು 2008ರ ಬೀಜಿಂಗ್‌ನಲ್ಲಿ. ಬ್ರಿಟನ್ನಿನ ಸಾರಾ ಸ್ಟೀವನ್‌ಸನ್ ಚೀನದ ಚೆನ್ ಝೊಂಗ್‌ಳ ತಲೆಗೆ ಕೊಟ್ಟ ಒದೆತವು ತೀರ್ಪುಗಾರರಿಗೆ ಕಾಣದೆಹೋಗಿ, ಆಮೇಲೆ ಚಿತ್ರಮುದ್ರಿಕೆಯನ್ನು ಪರಿಶೀಲಿಸಿ ಫಲಿತಾಂಶವನ್ನೇ ತಿರುವುಮುರುವು ಮಾಡಬೇಕಾಯಿತು. ಅದೇ ಕೂಟದಲ್ಲಿ ಕ್ಯೂಬಾದ ಆಂಗೆಲ್ ಮಾತೋಸ್ ರೋಷಾವೇಶದಲ್ಲಿ ರೆಫರಿಯ ಮುಖಕ್ಕೇ ಒದ್ದು ಆಜೀವ ನಿಷೇಧಕ್ಕೊಳಗಾದನು. ಮರುವರ್ಷವೇ, 2009ರ ಕೋಪನ್‌ಹೇಗನ್ ವಿಶ್ವಸ್ಪರ್ಧೆಯಲ್ಲಿ ವಿದ್ಯುನ್ಮಾನ ಕವಚವೂ ಚಿತ್ರಮರುವೀಕ್ಷಣೆಯೂ ಜಾರಿಗೆ ಬಂದವು. 2012ರ ಲಂಡನ್ ಒಲಿಂಪಿಕ್ಸಿಗೆ ಡೇಡೊ ಸಂಸ್ಥೆಯ ಉಪಕರಣವು ಆಯ್ಕೆಯಾಯಿತು.

ಈ ಉಪಕರಣದ ರಹಸ್ಯವು ಕಾಲುಚೀಲದಲ್ಲಿದೆ. ಚೀಲದಲ್ಲಿ ಅಲ್ಲಲ್ಲಿ ಅಯಸ್ಕಾಂತದ ತುಣುಕುಗಳನ್ನು ಹುದುಗಿಸಿರುತ್ತಾರೆ. ಕವಚದೊಳಗಿನ ಸಂವೇದಕವು ಅವುಗಳ ಸಾಮೀಪ್ಯವನ್ನು ಗುರುತಿಸಿ, ತೂಕದ ವರ್ಗಕ್ಕನುಸಾರವಾಗಿ ಗೊತ್ತುಪಡಿಸಿದ ಕನಿಷ್ಠ ಬಲಕ್ಕಿಂತ ಆಘಾತವು ಮಿಗಿಲಾಗಿದ್ದರೆ ಫಲಕಕ್ಕೆ ಅಂಕವನ್ನು ರವಾನಿಸುತ್ತದೆ. ಆ ಕನಿಷ್ಠವನ್ನು ದಾಟಿದ ಮೇಲೆ ಒದೆತವು ಎಷ್ಟೇ ಪ್ರಚಂಡವಾಗಿದ್ದರೂ ಅಂಕವು ಹೆಚ್ಚದು. ತಕ್ಕ ತಾಣದಲ್ಲಿ ಅಯಸ್ಕಾಂತವು ತಾಗದಿದ್ದರೆ, ಪಕ್ಕೆಲುಬು ಮುರಿದರೂ ಅಂಕವಿಲ್ಲ.

ಈ ತರ್ಕವನ್ನು ಆಟಗಾರರು ಬೇಗನೆ ಗ್ರಹಿಸಿದರು. ಬಹು ದೂರದಿಂದ ಸುತ್ತಿಬರುವ ಹಿಂಗಾಲಿಗಿಂತ ಮುಂಗಾಲು ಗುರಿಗೆ ಸಮೀಪವಷ್ಟೆ. ಅದನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು, ಒಂಟಿಗಾಲಿನಲ್ಲಿ ಕುಪ್ಪಳಿಸುತ್ತ, ಎದುರಾಳಿಯ ಕಾಲನ್ನು ತಡೆಯುವುದಕ್ಕೂ ಅವಕಾಶ ದೊರೆತೊಡನೆ ಎದೆಗೆ ಚುಚ್ಚುವುದಕ್ಕೂ ಬಳಸುವ ಪದ್ಧತಿಯು ಹಬ್ಬಿತು. ಇದನ್ನು ಕಾಲಿನ ಕತ್ತಿವರಸೆಯೆಂದು ಹಳಿದವರುಂಟು. ಉದ್ದಕಾಲಿನ ನೀಳಕಾಯರಿಗೆ ಇದು ವರವಾಯಿತು. ಇನ್ನೂ ವಿಚಿತ್ರವಾದುದು, ಇಬ್ಬರೂ ಎದೆಗೆದೆ ಒತ್ತಿ ನಿಂತಾಗ ಮೊಣಕಾಲನ್ನು ಹೊರಕ್ಕೆ ಹೊರಳಿಸಿ, ಅಂಗಾಲನ್ನು ಮೇಲಕ್ಕೆ ಮಡಿಸಿ ಎದುರಾಳಿಯ ಕವಚಕ್ಕೆ ತಟ್ಟುವ ‘ಮಂಕಿ ಕಿಕ್’. ಆತ್ಮರಕ್ಷಣೆಗೆ ಯಾವ ಉಪಯೋಗವೂ ಇಲ್ಲದ, ಸಂವೇದಕವೊಂದನ್ನೇ ಉದ್ದೇಶಿಸಿ ಹುಟ್ಟಿದ ಈ ಒದೆತಕ್ಕೆ ಯಾವ ಗುರುಪರಂಪರೆಯೂ ಇಲ್ಲ.

ಈ ಬದಲಾವಣೆಯ ನೆರಳು ಪದಕಪಟ್ಟಿಯ ಮೇಲೂ ಬಿದ್ದಿತು. ಬೀಜಿಂಗ್‌ಗೆ ನಾಲ್ವರನ್ನು ಕಳುಹಿಸಿ ನಾಲ್ಕು ಚಿನ್ನವನ್ನೂ ಗೆದ್ದ ಕೊರಿಯವು ಲಂಡನ್ನಿನಲ್ಲಿ ಒಂದನ್ನು ಮಾತ್ರ ಗಳಿಸಿತು. ಅಲ್ಲಿಯ ಎಂಟು ಚಿನ್ನಗಳು ಎಂಟು ದೇಶಗಳಿಗೆ ಹಂಚಿಹೋದವು. ಟೋಕಿಯೊದಲ್ಲಿ ಕೊರಿಯಕ್ಕೆ ಒಂದೂ ದೊರೆಯಲಿಲ್ಲ. ವಿದ್ಯೆಯು ಲೋಕವ್ಯಾಪಿಯಾದುದೂ ಇದಕ್ಕೆ ಕಾರಣವಾದುದರಿಂದ, ಸಮಸ್ತವನ್ನೂ ಕವಚದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ತರುವಾಯದ ನಿಯಮಾವಳಿಗಳೆಲ್ಲವೂ ಯಂತ್ರವು ತಂದ ವಿಕಾರಕ್ಕೆ ಮಾಡಿದ ಚಿಕಿತ್ಸೆಗಳಾಗಿ ತೋರುತ್ತವೆ. ಚೌಕದ ಕಣವು ಅಷ್ಟಕೋನವಾಯಿತು. 2017ರಿಂದ ಎದೆಯೊದೆತಕ್ಕೆ ಎರಡಂಕ ಸಂದಿತು. ಕಾಲನ್ನು ಮೂರು ಸೆಕೆಂಡಿಗಿಂತ ಹೆಚ್ಚು ಕಾಲ ಎತ್ತಿಹಿಡಿಯುವುದೂ, ಆಮೇಲೆ ಮಂಕಿ ಕಿಕ್ ಕೂಡ, ದಂಡಾರ್ಹವಾದವು. 2022ರಲ್ಲಿ ಮೂರು ಸುತ್ತುಗಳಲ್ಲಿ ಎರಡನ್ನು ಗೆದ್ದವನೇ ವಿಜಯಿಯೆಂಬ ಕ್ರಮ ಬಂದಿತು. ಹಳೆಯ ವೈಭವವೇನೂ ಸಂಪೂರ್ಣವಾಗಿ ಅಳಿದಿರಲಿಲ್ಲವೆಂಬುದನ್ನು, ಶಿರಸ್ತ್ರಾಣಕ್ಕೂ ಸಂವೇದಕವನ್ನು ಅಳವಡಿಸಿದ್ದ 2016ರ ರಿಯೊದಲ್ಲಿ ಐವರಿ ಕೋಸ್ಟಿನ ಶೇಕ್ ಸಲ್ಲಾ ಸಿಸ್ಸೆ ತೋರಿಸಿಕೊಟ್ಟನು: 4–6ರ ಹಿನ್ನಡೆಯಲ್ಲಿದ್ದವನು ಕಟ್ಟಕಡೆಯ ಸೆಕೆಂಡಿನಲ್ಲಿ ತಿರುಗಿ ತಲೆಗೊದ್ದು 8–6ರಿಂದ ಚಿನ್ನ ಗೆದ್ದನು.

ಆದುದರಿಂದ ದೋಷವು ಯಂತ್ರದ್ದೆನ್ನುವುದಕ್ಕಿಂತ, ಆಘಾತದ ಗುಣವನ್ನು ಬಿಟ್ಟು ಸ್ಪರ್ಶದ ಸ್ಥಾನವನ್ನು ಹಿಡಿದ ವ್ಯಾಖ್ಯೆಯದ್ದೆನ್ನಬೇಕು. ತಿರುಗಿ ಒದ್ದನೆ, ನೇರ ಒದ್ದನೆ ಎಂಬುದನ್ನು ಅರಿಯುವ ಶಕ್ತಿ ಆ ಕವಚಕ್ಕಿಲ್ಲ. ತಿರುಗೊದೆತದ ಹೆಚ್ಚುವರಿ ಅಂಕವನ್ನೂ ಮುಷ್ಟಿಪ್ರಹಾರದ ಒಂದಂಕವನ್ನೂ ಮೂಲೆಯ ತೀರ್ಪುಗಾರರೇ ಗುಂಡಿಯೊತ್ತಿ ಕೊಡುತ್ತ ಬಂದಿದ್ದಾರೆ.